ಕರೆಸಿಕೊಳ್ಳುವುದು ಬೇರೆ, ಕೈಬಿಟ್ಟು ಬರುವುದು ಬೇರೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿವೆ: ಪರದೇಶದ ನೆಲದಲ್ಲಿ ಕಾದಾಡುತ್ತಿರುವ ತನ್ನ ಸೇನೆಯನ್ನು ಒಂದು ದೇಶ ಹಿಂದಕ್ಕೆ ಕರೆಸಿಕೊಳ್ಳಬೇಕೇ, ಕರೆಸಿಕೊಳ್ಳುವುದಾದರೆ ಹೇಗೆ? ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಪುಟಗಳನ್ನು ಪೂರ್ತಿಯಾಗಿ ಇವಕ್ಕೇ ಮೀಸಲಿಟ್ಟಿದ್ದೇನೆ. ಮಂಗಳೂರಿನಲ್ಲಿ ಬಹುಕಾಲ ಇತಿಹಾಸ ಪಾಠ ಮಾಡಿದವನಾದ್ದರಿಂದ ಉತ್ತರಗಳು ಸ್ವಲ್ಪ ಉದ್ದವಾಗಿವೆ, ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ಅಂತರ ಕಾಲೇಜು ಚರ್ಚಾ ಸ್ಪರ್ಧೆಯಲ್ಲಿ "ಪರದೇಶದ ಯುದ್ಧದಲ್ಲಿ ಸಿಲುಕಿರುವ ಸೇನೆಯನ್ನು ದೇಶವು ಹಿಂದಕ್ಕೆ ಕರೆಸಿಕೊಳ್ಳಬೇಕು" ಎಂಬ ವಿಷಯದ ಪರವಾಗಿ ಮಾತನಾಡಿದೆ. ಖರ್ಚು, ಸಾವು, ನಮ್ಮದಲ್ಲದ ಜಗಳ ಎಂಬ ಮೂರು ಕಾರಣಗಳನ್ನು ಕೊಟ್ಟೆ. ಎದುರಾಳಿಯು "ಹಾಗಾದರೆ ಅಲ್ಲಿ ಪ್ರಾಣ ಕೊಟ್ಟವರ ಬಲಿದಾನ ವ್ಯರ್ಥವೇ?" ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಬಹುಮಾನ ಅವರಿಗೆ ಹೋಯಿತು. ಬಹುಮಾನದ ಬಗ್ಗೆ ಬೇಸರವಿಲ್ಲ, ಆದರೆ ಆ ಪ್ರಶ್ನೆ ಇನ್ನೂ ಕಾಡುತ್ತಿದೆ. (ಪದವಿ ವಿದ್ಯಾರ್ಥಿನಿ, ಉಡುಪಿ)

ಉತ್ತರ: ನಿಮ್ಮ ಎದುರಾಳಿ ಕೇಳಿದ ಪ್ರಶ್ನೆ ಸಭೆಯ ಮನಸ್ಸನ್ನು ಕಲಕುವಂಥದ್ದು, ಆದರೆ ಅದರಲ್ಲಿ ವಾದವಿಲ್ಲ. ಸತ್ತವರಿಗಾಗಿ ಇನ್ನಷ್ಟು ಮಂದಿ ಸಾಯಬೇಕು ಎಂದು ಒಪ್ಪಿಕೊಂಡರೆ ಯಾವ ಯುದ್ಧವನ್ನೂ ಎಂದಿಗೂ ನಿಲ್ಲಿಸುವಂತಿಲ್ಲ, ಏಕೆಂದರೆ ಪ್ರತಿಯೊಂದು ಹೊಸ ಸಾವೂ ಮುಂದಿನ ಸಾವಿಗೆ ಕಾರಣವಾಗಿ ನಿಲ್ಲುತ್ತದೆ. ವಿಯೆಟ್ನಾಮಿನಲ್ಲಿ ಆದದ್ದು ಇದೇ. 1969ರಲ್ಲಿ ನಿಕ್ಸನ್ ಅಧ್ಯಕ್ಷರಾದಾಗ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂಬುದು ಆ ವರ್ಷವೇ ತೀರ್ಮಾನವಾಗಿತ್ತು. ಆದರೆ "ಗೌರವದೊಂದಿಗೆ ಶಾಂತಿ" ಬೇಕೆಂಬ ಹಟದಲ್ಲಿ ನಾಲ್ಕು ವರ್ಷ ಎಳೆದರು. 1973ರ ಜನವರಿ 27ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಇನ್ನೂ 20,000ಕ್ಕಿಂತ ಹೆಚ್ಚು ಅಮೆರಿಕನ್ನರು ಸತ್ತಿದ್ದರು, ವಿಯೆಟ್ನಾಮೀಯರ ಲೆಕ್ಕ ಅದರ ಎಷ್ಟೋ ಪಟ್ಟು. ಎರಡೇ ವರ್ಷದಲ್ಲಿ, 1975ರ ಏಪ್ರಿಲ್ 30ರಂದು, ಅಮೆರಿಕ ಕಾಯುತ್ತಿದ್ದ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಬಿದ್ದಿತು. ಆ ನಾಲ್ಕು ವರ್ಷಗಳಲ್ಲಿ ಸತ್ತವರು ಅದಕ್ಕೆ ಮುಂಚೆ ಸತ್ತವರ ಯಾವ ಋಣವನ್ನು ತೀರಿಸಿದರು? ನಿಮ್ಮ ಎದುರಾಳಿಗೆ ನೀವು ಇದನ್ನು ಕೇಳಬಹುದಿತ್ತು.

ಆದರೆ ನಾನು ತೀರ್ಪುಗಾರನಾಗಿದ್ದರೂ ನಿಮಗೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ. ನೀವು ಕೊಟ್ಟ ಮೂರು ಕಾರಣಗಳೂ ಕರೆಸಿಕೊಳ್ಳುವ ದೇಶದ ಕಡೆಯಿಂದಲೇ ಇವೆ. ಸೇನೆ ಯಾವ ಊರಿನಲ್ಲಿ ಬೀಡುಬಿಟ್ಟಿತ್ತೋ ಆ ಊರಿನವರು ನಿಮ್ಮ ಮಾತಿನಲ್ಲಿ ಎಲ್ಲೂ ಕಾಣಿಸಿಕೊಂಡಿಲ್ಲ. ನಿಮ್ಮ ಎದುರಾಳಿಯೂ ಅವರನ್ನು ಮರೆತರು. ನೆನಪಿಸಿಕೊಂಡಿದ್ದರೆ ಅವರ ಕೈಯಲ್ಲಿ ನಿಜವಾದ ಅಸ್ತ್ರವೇ ಇರುತ್ತಿತ್ತು.

ಅದು ರುವಾಂಡಾದ ಸಂಗತಿ. 1994ರ ಏಪ್ರಿಲಿನಲ್ಲಿ ಅಲ್ಲಿ ನರಮೇಧ ಆರಂಭವಾದಾಗ ವಿಶ್ವಸಂಸ್ಥೆಯ ಸುಮಾರು 2,500 ಶಾಂತಿಪಾಲಕರು ಇದ್ದರು. ಮೊದಲ ದಿನಗಳಲ್ಲೇ ಬೆಲ್ಜಿಯಮ್ಮಿನ ಹತ್ತು ಸೈನಿಕರನ್ನು ಕೊಲ್ಲಲಾಯಿತು, ಬೆಲ್ಜಿಯಂ ತನ್ನ ಪಡೆಯನ್ನು ಹಿಂದಕ್ಕೆ ಕರೆಯಿತು. ರಾಜಧಾನಿ ಕಿಗಾಲಿಯ ತಾಂತ್ರಿಕ ಶಾಲೆಯೊಂದರ ಆವರಣದಲ್ಲಿ ಸುಮಾರು ಎರಡು ಸಾವಿರ ಜನ ಆ ಸೈನಿಕರನ್ನೇ ನಂಬಿ ಆಶ್ರಯ ಪಡೆದಿದ್ದರು. ಏಪ್ರಿಲ್ 11ರಂದು ಸೈನಿಕರ ವಾಹನಗಳು ಗೇಟು ದಾಟಿ ಹೊರಟವು. ಗೇಟಿನ ಹೊರಗೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಒಳಗಿದ್ದವರಲ್ಲಿ ಬಹುಪಾಲು ಜನರನ್ನು ಅಂದೇ ಕೊಂದುಹಾಕಿದರು. ಹತ್ತು ದಿನಗಳ ಮೇಲೆ ಭದ್ರತಾ ಮಂಡಳಿಯು ಇಡೀ ಪಡೆಯನ್ನು 270ಕ್ಕೆ ಇಳಿಸುವ ನಿರ್ಣಯ ಮಾಡಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. "ನಮ್ಮದಲ್ಲದ ಜಗಳ" ಎಂಬ ನಿಮ್ಮ ಮೂರನೆಯ ಕಾರಣವನ್ನು ಆ ಶಾಲೆಯ ಗೇಟಿನ ಮುಂದೆ ನಿಂತು ಹೇಳಲು ನನಗಂತೂ ನಾಲಿಗೆ ಏಳುವುದಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಪರದೇಶದ ಸೇನೆ ಹಿಂದೆ ಸರಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ಕರಾವಳಿ 240 ವರ್ಷಗಳ ಹಿಂದೆಯೇ ಉಂಡಿದೆ. 1783ರ ಮೇ ತಿಂಗಳಿನಲ್ಲಿ ಟಿಪ್ಪು ಸುಲ್ತಾನನು ಈಸ್ಟ್ ಇಂಡಿಯಾ ಕಂಪೆನಿಯ ವಶದಲ್ಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕೋಸಿನ್ಯಿ ಎಂಬ ಅಧಿಕಾರಿಯ ಕೈಕೆಳಗಿನ ಫ್ರೆಂಚ್ ತುಕಡಿಯೊಂದು ಅವನ ಜೊತೆಗಿತ್ತು. ಕೋಟೆ ಇಂದೋ ನಾಳೆಯೋ ಬೀಳುತ್ತದೆ ಎನ್ನುವಾಗ, ಯುರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸಂಧಿಯಾಗಿದೆ ಎಂಬ ಸುದ್ದಿ ಜುಲೈಯಲ್ಲಿ ಇಲ್ಲಿಗೆ ಮುಟ್ಟಿತು, ಫ್ರೆಂಚರು ಕೋವಿ ಕೆಳಗಿಟ್ಟರು. ಟಿಪ್ಪುವಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫ್ರೆಂಚರ ಕಡೆಯಿಂದ ನೋಡಿದರೆ ಅವರ ಅರಸ ಶಾಂತಿಗೆ ಒಪ್ಪಿದ ಮೇಲೆ ಅವರು ಕಾದುವುದು ತಪ್ಪೇ ಆಗುತ್ತಿತ್ತು. ಆದರೆ ಯಾರ ಮಿತ್ರರಾಗಿ ಬಂದಿದ್ದರೋ ಅವನನ್ನು ಒಂದು ಮಾತು ಕೇಳದೆ, ಸಾವಿರಾರು ಮೈಲಿ ಆಚೆ ಕುಳಿತು ಮಾಡಿದ ಸಂಧಿ ಅದು. ನಡುನೀರಿನಲ್ಲಿ ಕೈಬಿಟ್ಟರು ಎಂದು ಸುಲ್ತಾನನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆಗಸ್ಟ್ 2ರಂದು ಕದನವಿರಾಮವಾಯಿತು. ಆದರೂ ಕೋಟೆಯೊಳಗಿನ ಹಸಿವು, ರೋಗ ನಿಲ್ಲಲಿಲ್ಲ. 1784ರ ಜನವರಿ ಕೊನೆಗೆ ಕಂಪೆನಿಯ ಪಡೆಯ ಮುಖ್ಯಸ್ಥ ಕರ್ನಲ್ ಕ್ಯಾಂಪ್‌ಬೆಲ್ ಕೋಟೆಯನ್ನು ಬಿಟ್ಟುಕೊಟ್ಟು ಉಳಿದ ಸೈನಿಕರೊಂದಿಗೆ ಹೊರಟುಹೋದ. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದ ನೆಲವನ್ನು ಎರಡೂ ಕಡೆಯವರು ಪರಸ್ಪರ ಹಿಂದಿರುಗಿಸಿದರು. ಇಷ್ಟನ್ನು ನಾವು ಪಾಠಪುಸ್ತಕದಲ್ಲಿ ಓದುತ್ತೇವೆ. ಆದರೆ ಅದೇ ವರ್ಷ ಕಂಪೆನಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಸಾಗಿಸಲಾಯಿತು. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರ ಲೆಕ್ಕ ಒಂದೇ ಇಲ್ಲ. ದಾರಿಯಲ್ಲಿ ಮತ್ತು ಸೆರೆಯಲ್ಲಿ ಬಹಳ ಮಂದಿ ಸತ್ತರು ಎಂಬುದರಲ್ಲಿ, ಬದುಕುಳಿದವರು 1799ರ ಬಳಿಕವೇ ಊರಿಗೆ ಮರಳಿದರು ಎಂಬುದರಲ್ಲಿ ಎರಡು ಮಾತಿಲ್ಲ. ಅವರಲ್ಲಿ ನಿಜವಾಗಿ ನೆರವಾದವರು ಎಷ್ಟು, ಆಗದವರು ಎಷ್ಟು ಎಂದು ಯಾರು ವಿಚಾರಿಸಿದರು? ಟಿಪ್ಪುವನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ನಾನು ಇದನ್ನು ಎತ್ತುತ್ತಿಲ್ಲ, ಆ ಜಗಳಕ್ಕೆ ಬೇರೆ ವೇದಿಕೆಗಳು ಬೇಕಾದಷ್ಟಿವೆ. ಕಂಪೆನಿಯ ಸೈನಿಕರು ಹೊರಟುಹೋದರು, ಅವರ ಹೆಸರಿಗೆ ಅಂಟಿದ ಆರೋಪವನ್ನು ಹೊತ್ತವರು ಇಲ್ಲೇ ಉಳಿದರು. ನಿಮ್ಮ ವಿಷಯಕ್ಕೆ ಬೇಕಾದದ್ದು ಈ ಸಂಗತಿ. ಆ ಕೋಟೆ ಈಗಿಲ್ಲ. ಬೋಳೂರಿನ ಹೊಳೆದಂಡೆಯಲ್ಲಿ ಸುಲ್ತಾನ್ ಬತ್ತೇರಿ ಎಂಬ ಕಾವಲು ಬುರುಜು ಮಾತ್ರ ನಿಂತಿದೆ. ಮಂಗಳೂರಿಗೆ ಬಂದಾಗ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಹಾಗಾದರೆ ಕರೆಸಿಕೊಳ್ಳಬಾರದೇ? ಬಹುತೇಕ ಸಂದರ್ಭಗಳಲ್ಲಿ ಕರೆಸಿಕೊಳ್ಳಬೇಕು ಎಂದೇ ನನ್ನ ಅಭಿಪ್ರಾಯ, ಇದರಲ್ಲಿ ನಾನು ನಿಮ್ಮ ಪಕ್ಷ. ಯಾವ ಉದ್ದೇಶಕ್ಕಾಗಿ ಹೋದರೋ ಆ ಉದ್ದೇಶ ಬಂದೂಕಿನಿಂದ ಈಡೇರುವುದಿಲ್ಲ ಎಂದು ಗೊತ್ತಾದ ಮೇಲೆ, ಅಥವಾ ಕರೆದ ಸರ್ಕಾರವೇ ಹೋಗಿ ಎಂದ ಮೇಲೆ, ಅಲ್ಲಿ ಉಳಿಯುವ ಹಕ್ಕು ಯಾವ ಸೇನೆಗೂ ಇಲ್ಲ. ಆದರೆ ಕರೆಸಿಕೊಳ್ಳುವುದು ಬೇರೆ, ಕೈಬಿಟ್ಟು ಬರುವುದು ಬೇರೆ. ಅಫ್ಘಾನಿಸ್ತಾನದಿಂದ ಎರಡು ಸೇನೆಗಳು ಹೊರಬಂದ ಬಗೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ತಿಳಿಯುತ್ತದೆ.

1979ರ ಡಿಸೆಂಬರಿನಲ್ಲಿ ಒಳನುಗ್ಗಿದ ಸೋವಿಯತ್ ಸೇನೆ ಸುಮಾರು 15,000 ಸೈನಿಕರನ್ನು ಕಳೆದುಕೊಂಡು 1989ರ ಫೆಬ್ರವರಿ 15ರಂದು ಹೊರಬಂದಿತು. ಕೊನೆಯ ದಿನ ಜನರಲ್ ಬೋರಿಸ್ ಗ್ರೊಮೊವ್ ಅಮು ದರಿಯಾ ನದಿಯ ಸೇತುವೆಯನ್ನು ನಡೆದು ದಾಟಿದರು, ಮಗ ಹೂ ಹಿಡಿದು ಎದುರುಗೊಂಡ. ಅವರು ಬೆನ್ನು ತಿರುಗಿಸಿದ ಕೂಡಲೇ ಸೋವಿಯತ್ ಬೆಂಬಲದಲ್ಲಿದ್ದ ಕಾಬೂಲಿನ ನಜೀಬುಲ್ಲಾ ಸರ್ಕಾರ ಉರುಳುತ್ತದೆ ಎಂದು ಜಗತ್ತು ಎಣಿಸಿತ್ತು. ಉರುಳಲಿಲ್ಲ. ಮರುತಿಂಗಳೇ ಜಲಾಲಾಬಾದಿನ ಮೇಲೆ ನಡೆದ ದೊಡ್ಡ ದಾಳಿಯನ್ನು ಅಫ್ಘನ್ ಸೇನೆ ತಾನೇ ಹಿಮ್ಮೆಟ್ಟಿಸಿತು. ಸೈನಿಕರು ಹೋದರೂ ಇಂಧನ, ಧಾನ್ಯ, ಮದ್ದುಗುಂಡು, ಹಣ ಬರುತ್ತಲೇ ಇದ್ದದ್ದು ಇದಕ್ಕೆ ಕಾರಣ. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಒಡೆದು ಆ ನೆರವು ನಿಂತಾಗ, 1992ರ ಏಪ್ರಿಲಿನಲ್ಲಿ ಸರ್ಕಾರ ಬಿದ್ದಿತು. ಸೋವಿಯತ್ ಆಕ್ರಮಣ ನ್ಯಾಯವಾದದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದು ಘೋರ ಯುದ್ಧ. ನಾನು ಹೇಳುತ್ತಿರುವುದು ಹೊರಬಂದ ಕ್ರಮದ ಬಗ್ಗೆ ಮಾತ್ರ.

ಅಮೆರಿಕ ಇಪ್ಪತ್ತು ವರ್ಷ ಅಲ್ಲಿತ್ತು, 2,400ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಅಫ್ಘನ್ ಸೈನಿಕರು ಮತ್ತು ಪೊಲೀಸರು ಸತ್ತದ್ದು 60,000ಕ್ಕಿಂತ ಹೆಚ್ಚು. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ತಾಲಿಬಾನಿನೊಂದಿಗೆ ಒಪ್ಪಂದ ಮಾಡಿಕೊಂಡಾಗ, ಯಾವ ಸರ್ಕಾರದ ಪರವಾಗಿ ಇಷ್ಟು ವರ್ಷ ಕಾದಾಡಿತ್ತೋ ಆ ಕಾಬೂಲ್ ಸರ್ಕಾರಕ್ಕೆ ಅದರಲ್ಲಿ ಪಾತ್ರವಿರಲಿಲ್ಲ. ಮರುವರ್ಷದ ಜುಲೈ ಮೊದಲಲ್ಲಿ ಅತಿದೊಡ್ಡ ವಾಯುನೆಲೆಯಾದ ಬಗ್ರಾಮನ್ನು ರಾತ್ರೋರಾತ್ರಿ ತೆರವು ಮಾಡಿದರು. ಅವರು ಹೋದದ್ದು ತನಗೆ ಕೆಲವು ಗಂಟೆಗಳ ಮೇಲೆ ತಿಳಿಯಿತು ಎಂದು ಅಲ್ಲಿನ ಹೊಸ ಅಫ್ಘನ್ ಕಮಾಂಡರ್ ಪತ್ರಕರ್ತರಿಗೆ ಹೇಳಿದರು; ವಿದ್ಯುತ್ ಕಡಿದು ಕತ್ತಲಾದಾಗ ಕಳ್ಳರು ಒಳನುಗ್ಗಿದ್ದರು. ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದ ಗುತ್ತಿಗೆ ಕಂಪೆನಿಗಳ ತಂತ್ರಜ್ಞರೂ ಹೊರಟುಹೋದ್ದರಿಂದ ಅಫ್ಘನ್ ವಾಯುಪಡೆಯ ವಿಮಾನಗಳು ಹಾರದಾದವು. ಆಗಸ್ಟ್ 15ಕ್ಕೆ ಕಾಬೂಲ್ ಬಿದ್ದಿತು. ಅಮೆರಿಕನ್ ಸೈನಿಕರಿಗೆ ದುಭಾಷಿಗಳಾಗಿ ದುಡಿದವರು ವೀಸಾ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ವಿಮಾನ ನಿಲ್ದಾಣದ ಹೊರಗಿನ ಕೊಳಚೆ ಕಾಲುವೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆಗಸ್ಟ್ 26ರಂದು ಅಲ್ಲೇ ಬಾಂಬು ಸಿಡಿದು 13 ಅಮೆರಿಕನ್ ಸೈನಿಕರೂ ನೂರೈವತ್ತಕ್ಕೂ ಹೆಚ್ಚು ಅಫ್ಘನ್ನರೂ ಸತ್ತರು. ಹೊರಬರುವ ನಿರ್ಧಾರ ಸರಿಯಾಗಿತ್ತು. ಬಂದ ರೀತಿಯನ್ನು ಯಾವ ವಾದದಿಂದಲೂ ಸಮರ್ಥಿಸಲು ಸಾಧ್ಯವಿಲ್ಲ.

ನಮ್ಮ ದೇಶದಲ್ಲೇ ಒಳ್ಳೆಯ ಮಾದರಿ ಇದೆ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು. ಗೆದ್ದ ಸೇನೆ ಅಲ್ಲೇ ಬೇರುಬಿಡಬಹುದೆಂಬ ಶಂಕೆ ಹಲವರಿಗಿತ್ತು. ಶೇಖ್ ಮುಜಿಬುರ್ ರಹಮಾನ್ ಕೇಳಿಕೊಂಡರು, ಇಂದಿರಾ ಗಾಂಧಿ ಒಪ್ಪಿದರು, 1972ರ ಮಾರ್ಚ್ 12ರಂದು ಢಾಕಾದ ಕ್ರೀಡಾಂಗಣದಲ್ಲಿ ಬೀಳ್ಕೊಡುಗೆಯ ಕವಾಯತು ನಡೆಸಿ ನಮ್ಮ ಸೈನಿಕರು ಹೊರಟರು. ಮೂರು ತಿಂಗಳೂ ತುಂಬಿರಲಿಲ್ಲ. ಹಗಲಿನಲ್ಲಿ, ಎಲ್ಲರೆದುರು, ಆ ನೆಲದ ಸರ್ಕಾರದ ಕೈಗೆ ಆಡಳಿತವನ್ನು ಒಪ್ಪಿಸಿ ಬಂದರು. ಮುಂದಿನ ಸಲ ಪರವಾಗಿ ಮಾತನಾಡುವಾಗ ಖರ್ಚಿನ ಲೆಕ್ಕವನ್ನು ಬಿಟ್ಟು ಇದನ್ನು ಹೇಳಿ. ತಾಳಮದ್ದಳೆಯ ನಾಡಿನಲ್ಲಿ ಹುಟ್ಟಿದವರಿಗೆ ಗೊತ್ತಿಲ್ಲದ್ದೇನಲ್ಲ, ಎದುರು ಪಾತ್ರಧಾರಿಯ ಅತ್ಯಂತ ಬಲವಾದ ಮಾತನ್ನು ಅವನಿಗಿಂತ ಮೊದಲು ತಾನೇ ಎತ್ತಿಕೊಂಡು ಉತ್ತರಿಸುವ ಅರ್ಥಧಾರಿಯೇ ಕೂಟವನ್ನು ಗೆಲ್ಲುತ್ತಾನೆ.

ಪ್ರಶ್ನೆ: ಇಂತಹ ನಿರ್ಧಾರ ಯಾರದ್ದಾಗಿರಬೇಕು? ಸರ್ಕಾರದ್ದೇ, ಸಂಸತ್ತಿನದ್ದೇ, ಸೇನೆಯದ್ದೇ? (ವಕೀಲರು, ಕುಂದಾಪುರ)

ಉತ್ತರ: ಸೇನೆಯದ್ದಂತೂ ಅಲ್ಲ, ಸೇನೆ ಸಲಹೆ ಕೊಡಬಹುದು, ಆಜ್ಞೆ ಪಾಲಿಸಬೇಕು. ನಮ್ಮ ಸಂವಿಧಾನದ 53ನೆಯ ವಿಧಿಯಂತೆ ರಕ್ಷಣಾ ಪಡೆಗಳ ಸರ್ವೋಚ್ಚ ದಂಡನಾಯಕತ್ವ ರಾಷ್ಟ್ರಪತಿಯವರಲ್ಲಿದೆ, ಅದನ್ನು ಕಾನೂನಿನ ಮೂಲಕ ನಿಯಂತ್ರಿಸಬೇಕೆಂದು ಅದೇ ವಿಧಿ ಹೇಳುತ್ತದೆ. ಆದರೆ ಸೇನೆಯನ್ನು ಹೊರದೇಶಕ್ಕೆ ಕಳಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಕಾನೂನನ್ನು ನಾವು ಮಾಡಿಕೊಂಡಿಲ್ಲ. ಆದ್ದರಿಂದ ಕಳಿಸುವುದೂ ಕರೆಸುವುದೂ ವಾಸ್ತವದಲ್ಲಿ ಮಂತ್ರಿಮಂಡಲದ ಕೈಯಲ್ಲಿದೆ.

ಅಮೆರಿಕನ್ ಕಾಂಗ್ರೆಸ್ 1973ರ ನವೆಂಬರಿನಲ್ಲಿ, ವಿಯೆಟ್ನಾಮಿನ ಪೆಟ್ಟು ತಿಂದ ಮೇಲೆ, ಅಧ್ಯಕ್ಷರ ನಿರಾಕರಣಾಧಿಕಾರವನ್ನೂ ಮೀರಿ ಒಂದು ನಿರ್ಣಯವನ್ನು ಕಾನೂನಾಗಿಸಿತು. ಸೇನೆಯನ್ನು ಕಾದಾಟಕ್ಕೆ ಇಳಿಸಿದರೆ ಅಧ್ಯಕ್ಷರು 48 ಗಂಟೆಗಳೊಳಗೆ ವರದಿ ಕೊಡಬೇಕು; ಕಾಂಗ್ರೆಸ್ ಒಪ್ಪದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ಸುರಕ್ಷಿತವಾಗಿ ಹಿಂದೆ ಸರಿಯಲು ಇನ್ನೂ 30 ದಿನ. ಅಲ್ಲಿಂದೀಚೆಗೆ ಬಂದ ಅಧ್ಯಕ್ಷರಲ್ಲಿ ಹಲವರು ಇದನ್ನು ಸುತ್ತಿಬಳಸಿ ತಪ್ಪಿಸಿಕೊಂಡಿದ್ದಾರೆ, ನಿಜ. ಜರ್ಮನಿಯ ಪದ್ಧತಿ ನನಗೆ ಹೆಚ್ಚು ಮೆಚ್ಚುಗೆ. ಅಲ್ಲಿನ ಸಂವಿಧಾನ ನ್ಯಾಯಾಲಯವು 1994ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಸಶಸ್ತ್ರ ಪಡೆಯನ್ನು ಹೊರಗೆ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ಅವಧಿ ಇರುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸರ್ಕಾರ ಮತ್ತೆ ಬಂದು, ಇನ್ನೂ ಏಕೆ ಅಲ್ಲಿರಬೇಕು ಎಂದು ವಿವರಿಸಬೇಕು. ಹಿಂತೆಗೆತದ ಪ್ರಶ್ನೆ ಹೆಣಗಳು ಬಂದ ಮೇಲೆ ಏಳುವ ಬದಲು ಪ್ರತಿ ವರ್ಷವೂ ತಾನಾಗಿಯೇ ಏಳುತ್ತದೆ.

ಕಾನೂನು ಇಲ್ಲದಿದ್ದರೂ ಸಂಸತ್ತಿನ ಮಾತಿಗೆ ತೂಕ ಇರಬಲ್ಲದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2003ರಲ್ಲಿ ಇರಾಕಿಗೆ ನಮ್ಮ ಸೈನಿಕರನ್ನು ಕಳಿಸಿಕೊಡಿ ಎಂದು ಅಮೆರಿಕ ಕೇಳಿತು; ಕಳಿಸೋಣ ಎಂಬ ಒತ್ತಡ ದೆಹಲಿಯಲ್ಲೂ ಸಾಕಷ್ಟಿತ್ತು. ಆದರೆ ಆ ವರ್ಷದ ಏಪ್ರಿಲಿನಲ್ಲೇ ಸಂಸತ್ತು ಇರಾಕಿನ ಮೇಲಿನ ಯುದ್ಧವನ್ನು ಖಂಡಿಸುವ ನಿರ್ಣಯ ಮಾಡಿತ್ತು. ಜುಲೈ 14ರಂದು ವಾಜಪೇಯಿ ಸರ್ಕಾರವು ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದು ತಿಳಿಸಿತು. ಹೋಗದೆ ಇದ್ದುದರಿಂದ ಹಿಂತೆಗೆಯುವ ಕಷ್ಟವೂ ನಮಗೆ ಬರಲಿಲ್ಲ. 1987ರಲ್ಲಿ ನಮ್ಮ ಸೇನೆ ಶ್ರೀಲಂಕಾಕ್ಕೆ ಹೋಗುವ ಮೊದಲು ಇಷ್ಟು ಚರ್ಚೆ ಆಗಿದ್ದರೆ ಎಂದು ನಾನು ಅನೇಕ ಸಲ ಅಂದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಇಬ್ಬರು ಮಕ್ಕಳೂ ಕುವೈತಿನಲ್ಲಿದ್ದಾರೆ. ಅಲ್ಲಿಂದ ವಿದೇಶಿ ಸೇನೆ ಹಿಂದೆ ಹೋಗಬೇಕೆಂದು ಕೆಲವರು ಹೇಳುವಾಗ ನನಗೆ ಭಯವಾಗುತ್ತದೆ. (ನಿವೃತ್ತ ಶಿಕ್ಷಕಿ, ಶಿರ್ವ)

ಉತ್ತರ: ಅಮ್ಮಾ, ನಿಮ್ಮ ಭಯ ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳ ಭಯ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ 1,70,000ಕ್ಕೂ ಹೆಚ್ಚು ಭಾರತೀಯರನ್ನು, ಬಹುಪಾಲು ಜೋರ್ಡಾನಿನ ಅಮ್ಮಾನ್ ಮೂಲಕ, ವಿಮಾನಗಳಲ್ಲಿ ಕರೆತರಲಾಯಿತು. ಕೈಯಲ್ಲೊಂದು ಚೀಲ ಹಿಡಿದು ಬಂದಿಳಿದವರಲ್ಲಿ ಕರಾವಳಿಯವರೂ ಇದ್ದರು. ಆದರೆ ಎರಡು ಸಂಗತಿಗಳನ್ನು ಬೇರೆಯಾಗಿ ನೋಡಬೇಕು. ಒಂದು ದೇಶದ ಸರ್ಕಾರವೇ ಒಪ್ಪಂದ ಮಾಡಿಕೊಂಡು ತನ್ನ ನೆಲದಲ್ಲಿ ನೆಲೆ ಕೊಟ್ಟಿರುವ ಸೇನೆ ಅಲ್ಲಿ ಯುದ್ಧ ಮಾಡುತ್ತಿಲ್ಲ. ಉಡುಪಿಯ ವಿದ್ಯಾರ್ಥಿನಿಗೆ ನಾನು ಬರೆದದ್ದು ಕಾದಾಟದಲ್ಲಿ ತೊಡಗಿರುವ ಸೇನೆಯ ಬಗ್ಗೆ. ಹಾಗೆಂದು ನೆಲೆಗಳಿರುವುದೇ ಸುರಕ್ಷೆ ಎಂದೂ ತಿಳಿಯಬೇಡಿ, ಜಗಳ ಎದ್ದಾಗ ನೆಲೆಗಳೇ ಮೊದಲ ಗುರಿಯಾಗುತ್ತವೆ. ನಿಮ್ಮ ಮಕ್ಕಳು ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದಾರೆಯೇ ಎಂದು ಇಂದೇ ಫೋನು ಮಾಡಿ ಕೇಳಿ.

ಪ್ರಶ್ನೆ: 1988ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯಲ್ಲಿದ್ದೆ. ಪ್ರತಿ ವರ್ಷ ಕದ್ರಿಯ ಯುದ್ಧ ಸ್ಮಾರಕದಲ್ಲಿ ಹೂಗುಚ್ಛ ಇಡುವಾಗ ಕಾರ್ಗಿಲ್ಲಿಗೊಂದು ದಿನ, ಬಾಂಗ್ಲಾದೇಶಕ್ಕೊಂದು ದಿನ ಇದೆ, ನಮಗಿಲ್ಲ ಎನ್ನಿಸುತ್ತದೆ. ನಾವು ಗೆದ್ದು ಬಂದೆವೋ, ಸೋತು ಬಂದೆವೋ? ನಮ್ಮ ಬಿಡಾರಕ್ಕೆ ನೀರು ತರುತ್ತಿದ್ದ, ನಮಗಾಗಿ ತಮಿಳಿನಲ್ಲಿ ಮಾತನಾಡುತ್ತಿದ್ದ ಹುಡುಗನೊಬ್ಬನಿದ್ದ. ನಾವು ಲಾರಿ ಹತ್ತುವಾಗ "ಮತ್ತೆ ಬರುತ್ತೀರಾ?" ಎಂದು ಕೇಳಿದ. ಬರುತ್ತೇವೆ ಎಂದೆ. (ಮಾಜಿ ಸೈನಿಕ, ಕಾರ್ಕಳ)

ಉತ್ತರ: ಮಾನ್ಯರೇ, ನಿಮ್ಮ ಪತ್ರ ಓದಿದಾಗ ನನಗೆ 1990ರ ಏಪ್ರಿಲಿನ ಒಂದು ಬೆಳಗು ನೆನಪಾಯಿತು. ಮದರಾಸಿನಿಂದ ಬರುವ ಬಂಧುವೊಬ್ಬರನ್ನು ಕರೆತರಲು ಮಂಗಳೂರು ರೈಲು ನಿಲ್ದಾಣಕ್ಕೆ ಹೋಗಿದ್ದೆ. ಹಸಿರು ಬಣ್ಣದ ಕಬ್ಬಿಣದ ಟ್ರಂಕು ಹೊತ್ತ ಒಬ್ಬ ಯೋಧ ಇಳಿದ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು. ಎದುರುಗೊಳ್ಳಲು ಬಂದ ತಂದೆ ಆ ನಂಬರಿನ ಮೇಲೆ ಕೈಯಾಡಿಸುತ್ತ, ಎಲ್ಲ ಮುಗಿಯಿತೇ ಎಂದು ತುಳುವಿನಲ್ಲಿ ಕೇಳಿದರು. "ನಾವು ಬಂದೆವು ಅಪ್ಪ, ಮುಗಿಯಿತೋ ಇಲ್ಲವೋ ಗೊತ್ತಿಲ್ಲ" ಎಂದ ಅವನು. ಎರಡೇ ತಿಂಗಳಿನಲ್ಲಿ ಅಲ್ಲಿ ಮತ್ತೆ ಯುದ್ಧ ಹತ್ತಿಕೊಂಡಿತು, 2009ರ ಮೇ ತಿಂಗಳವರೆಗೆ ಆರಲಿಲ್ಲ.

ಗೆದ್ದಿರೋ ಸೋತಿರೋ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಿಮ್ಮನ್ನು ಕಳಿಸಿದವರು, ನೀವಲ್ಲ. 1987ರ ಜುಲೈ 29ರಂದು ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಸಹಿ ಹಾಕಿದ ಒಪ್ಪಂದಕ್ಕೆ, ಪ್ರತ್ಯೇಕ ತಮಿಳು ದೇಶಕ್ಕಾಗಿ ಕಾದಾಡುತ್ತಿದ್ದ ಸಶಸ್ತ್ರ ಸಂಘಟನೆಯಾದ ಎಲ್‌ಟಿಟಿಇ ಸಹಿ ಹಾಕಿರಲಿಲ್ಲ. ಶಾಂತಿ ಕಾಯಲು ಹೋದವರು ಅಕ್ಟೋಬರಿನ ಹೊತ್ತಿಗೆ ಅದೇ ಸಂಘಟನೆಯೊಂದಿಗೆ ಕಾದಬೇಕಾಯಿತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫಂಟ್ರಿಯ 30 ಮಂದಿಯಲ್ಲಿ 29 ಮಂದಿ ಮದ್ದುಗುಂಡು ಮುಗಿಯುವವರೆಗೂ ಹೋರಾಡಿ ಸತ್ತರು. ನವೆಂಬರ್ 25ರಂದು ಎದೆಗೆ ಗುಂಡು ತಗುಲಿದ ಮೇಲೂ ಎದುರಾಳಿಯ ರೈಫಲನ್ನು ಕಿತ್ತುಕೊಂಡ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಶೌರ್ಯಕ್ಕೆ ಕೊರತೆಯಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸತ್ತರು ಎಂಬುದನ್ನೂ ಮರೆಯುವಂತಿಲ್ಲ. ನೀವೂ ನಿಮ್ಮ ಪತ್ರದಲ್ಲಿ ಅದನ್ನು ಮರೆಮಾಚಿಲ್ಲ, ಅದಕ್ಕಾಗಿ ನಿಮ್ಮ ಮೇಲೆ ನನಗೆ ಗೌರವ ಹೆಚ್ಚಾಯಿತು.

1989ರಲ್ಲಿ ಅಧ್ಯಕ್ಷ ಪ್ರೇಮದಾಸ ನಮ್ಮ ಸೇನೆ ಹೋಗಬೇಕೆಂದು ಗಡುವು ಕೊಟ್ಟರು. ಅವರ ಸರ್ಕಾರವೇ ಆಗ ಎಲ್‌ಟಿಟಿಇಗೆ ಶಸ್ತ್ರ ಒದಗಿಸಿತೆಂಬುದು ಆಮೇಲೆ ಬಯಲಾಯಿತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಗಿತ್ತು ದೆಹಲಿಗೆ. ಕರೆದವರೇ ಹೋಗಿ ಎಂದ ಮೇಲೆ ಉಳಿಯುವುದು ಆಕ್ರಮಣವಾಗುತ್ತಿತ್ತು, ಆದ್ದರಿಂದ ವಿ. ಪಿ. ಸಿಂಗ್ ಸರ್ಕಾರ 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿಯನ್ನು ತ್ರಿಂಕೋಮಲಿಯಿಂದ ಕರೆಸಿಕೊಂಡದ್ದು ಸರಿ ಎಂದೇ ನಾನು ತಿಳಿದಿದ್ದೇನೆ. ಮದರಾಸಿನ ಬಂದರಿನಲ್ಲಿ ನಿಮ್ಮನ್ನು ಸ್ವಾಗತಿಸಲು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ಅವರಿಗೆ ರಾಜಕೀಯ ಕಾರಣಗಳಿದ್ದವು. ಆದರೆ ಸರ್ಕಾರಗಳ ತಪ್ಪಿಗೆ ಸೈನಿಕನ ಮುಖಕ್ಕೆ ಬಾಗಿಲು ಹಾಕಬಾರದಿತ್ತು.

ನಮ್ಮ ದೊಡ್ಡ ತಪ್ಪು ಬೇರೆಡೆ ಇದೆ. ಹೊರಡುವ ಮುನ್ನ ಭಾರತದ ಬೆಂಬಲದಿಂದ ತಮಿಳು ರಾಷ್ಟ್ರೀಯ ಸೇನೆ ಎಂಬ ಪಡೆಯನ್ನು ಅವಸರದಲ್ಲಿ ಕಟ್ಟಲಾಯಿತು. ಎಷ್ಟೋ ಹದಿಹರೆಯದ ಹುಡುಗರನ್ನು ಬಲವಂತದಿಂದ ಹಿಡಿದುತಂದು, ಕೈಗೆ ಬಂದೂಕು ಕೊಟ್ಟು ನಿಲ್ಲಿಸಿದ್ದರು. ನಮ್ಮ ಸೇನೆ ಒಂದೊಂದೇ ಜಿಲ್ಲೆಯನ್ನು ಬಿಟ್ಟು ಹಿಂದೆ ಸರಿದಂತೆ ಎಲ್‌ಟಿಟಿಇ ಆ ಹುಡುಗರ ಮೇಲೆ ಎರಗಿತು. ನಮ್ಮನ್ನು ನಂಬಿದ್ದ ಈಶಾನ್ಯ ಪ್ರಾಂತ್ಯದ ಮುಖ್ಯಮಂತ್ರಿ ವರದರಾಜ ಪೆರುಮಾಳ್ ಅವರಿಗೆ ಭಾರತದಲ್ಲಿ ಆಶ್ರಯ ಸಿಕ್ಕಿತು, ಆ ಹುಡುಗರಲ್ಲಿ ಬಹುಪಾಲು ಮಂದಿಗೆ ಸಿಗಲಿಲ್ಲ. ಕಾಬೂಲಿನ ಕಾಲುವೆಯಲ್ಲಿ ನಿಂತವರನ್ನು ಕಂಡು ಅಮೆರಿಕವನ್ನು ಬೈಯುವಾಗ ನಾವು ಇದನ್ನು ನೆನೆಯಬೇಕು.

ನಿಮಗೊಂದು ದಿನವಿಲ್ಲ ಎಂಬ ನೋವು ನ್ಯಾಯವಾದದ್ದು. ಆದರೆ ನಿಮ್ಮ ಒಡನಾಡಿಗಳ ಹೆಸರುಗಳು ಕಲ್ಲಿನಲ್ಲಿವೆ. ಕೊಲಂಬೋ ಬಳಿಯ ಬತ್ತರಮುಲ್ಲದಲ್ಲಿ ಶ್ರೀಲಂಕಾ ಸರ್ಕಾರವೇ ಕಟ್ಟಿಸಿದ ಸ್ಮಾರಕದಲ್ಲಿ ಸುಮಾರು 1,200 ಭಾರತೀಯ ಸೈನಿಕರ ಹೆಸರುಗಳನ್ನು ಕೆತ್ತಲಾಗಿದೆ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲೂ ಅವರಿದ್ದಾರೆ.

ಆ ಹುಡುಗನ ಹೆಸರನ್ನು ನಿಮ್ಮ ಪತ್ರದಲ್ಲಿ ಎರಡು ಕಡೆ ಬರೆದಿದ್ದೀರಿ. ಅವನ ಸುರಕ್ಷೆಯ ದೃಷ್ಟಿಯಿಂದ ನಾನು ಇಲ್ಲಿ ಅಚ್ಚು ಹಾಕಿಸಿಲ್ಲ. ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕಲು ಶ್ರೀಲಂಕಾದಲ್ಲಿ 2016ರ ಕಾಯ್ದೆಯಂತೆ ಒಂದು ಕಚೇರಿ ಸ್ಥಾಪನೆಯಾಗಿದೆ. ಅಲ್ಲಿಗೊಂದು ಪತ್ರ ಬರೆದು ನೋಡಿ. ಹುಡುಗನ ಊರು, ಅವನ ತಂದೆಯ ಕಸುಬು ನಿಮಗೆ ನೆನಪಿದ್ದರೆ ಅದು, ನಿಮ್ಮ ಯೂನಿಟ್, ಬಿಡಾರ ಇದ್ದ ಜಾಗ, ಅವನನ್ನು ಕೊನೆಯ ಸಲ ಕಂಡ ತಿಂಗಳು, ಇಷ್ಟನ್ನು ಸ್ಪಷ್ಟವಾಗಿ ಕೊಡಿ. ಇಂಗ್ಲಿಷಿನಲ್ಲಿ ಬರೆಯಲು ನೆರವು ಬೇಕಿದ್ದರೆ ಸಂಪಾದಕರ ಮೂಲಕ ತಿಳಿಸಿ, ನಾನು ಕಾರ್ಕಳಕ್ಕೆ ಬಂದು ನಿಮ್ಮ ಜೊತೆ ಕುಳಿತು ಬರೆದುಕೊಡುತ್ತೇನೆ.